ಬದುಕಿದವರ ಬುತ್ತಿ

ಸುಭದ್ರಾಬಾಯಿಯ ಬಗ್ಗೆ ಖಜೂರಿಯಲ್ಲಿ ಕೇಳಿದರೆ ಜನ ಮೊದಲು ಆಕೆಯ ಬಾಯಿಯ ಬಗ್ಗೆ ಹೇಳುತ್ತಾರೆ, ಆಮೇಲೆ ಆಕೆಯ ರೊಟ್ಟಿಯ ಬಗ್ಗೆ. ಎರಡೂ ಬಿಸಿ. ಮಹಾರಾಷ್ಟ್ರದ ಕಡೆ ಹೋಗುವ ರಸ್ತೆಯಲ್ಲಿ ಲಾರಿಗಳು ನಿಲ್ಲುವ ತಿರುವೊಂದಿದೆ. ಅಲ್ಲಿ ಆಕೆಯ ಖಾನಾವಳಿ. ಮೇಲೆ ತಗಡು, ಕೆಳಗೆ ಬೆಂಚು, ಒಳಗೆ ಎರಡು ಒಲೆ. ನಾನು ಆಳಂದ ಡಿಪೋದ ಕಂಡಕ್ಟರ್. ನಮ್ಮ ಬಸ್ಸು ಖಜೂರಿಗೆ ಹೋಗಿ ತಿರುಗುತ್ತದೆ, ಹಾಗಾಗಿ ನನ್ನ ಮಧ್ಯಾಹ್ನದ ಊಟ ಅಲ್ಲೇ. ವರ್ಷಗಟ್ಟಲೆ ಉಂಡಿದ್ದೇನೆ, ವರ್ಷಗಟ್ಟಲೆ ಬೈಸಿಕೊಂಡಿದ್ದೇನೆ.

"ತಮ್ಮಾ, ಮೂರನೇ ಸಲ ಪಲ್ಯಾ ಕೇಳಾಕ ಇದೇನ್ ನಿಮ್ಮ ಅತ್ತಿ ಮನಿ ಅಲ್ಲ" ಅನ್ನುತ್ತಲೇ ಪಲ್ಯ ಹಾಕುವ ಹೆಂಗಸು ಆಕೆ. ಹಾಕುತ್ತಾಳೆ ಅನ್ನುವುದನ್ನು ಮಾತ್ರ ಊರವರು ಹೇಳುವುದಿಲ್ಲ.

ತವರು ಅಫಜಲಪುರ. ಮದುವೆಯಾಗಿ ಇಲ್ಲಿಗೆ ಬಂದಳು, ಗಂಡ ಬೇಗ ತೀರಿಕೊಂಡ. ರೊಟ್ಟಿ ಬಡಿದೇ ಇಬ್ಬರು ಹೆಣ್ಣುಮಕ್ಕಳನ್ನು ಬೆಳೆಸಿದಳು. ಒಬ್ಬಳನ್ನು ಜೇವರ್ಗಿಗೆ ಕೊಟ್ಟಳು, ಇನ್ನೊಬ್ಬಳನ್ನು ತವರಿಗೇ ಕೊಟ್ಟಳು. ಆಕೆ ರೊಟ್ಟಿ ಬೇಯಿಸುವ ಹಂಚನ್ನು ಬೇರೆಯವರು ಮುಟ್ಟುವ ಹಾಗಿರಲಿಲ್ಲ. ನಮ್ಮ ಕಡೆ ಮದುವೆ ಬಂದರೆ ಓಣಿಯ ಮನೆಮನೆಗೂ ಹಿಟ್ಟು ಹಂಚಿ ರೊಟ್ಟಿ ಮಾಡಿಸುತ್ತಾರೆ. ಸುಭದ್ರಾಬಾಯಿ ಮಕ್ಕಳ ಮದುವೆಗೂ ಹಿಟ್ಟು ಹಂಚಲಿಲ್ಲ. ಹಗಲಿಡೀ ಒಬ್ಬಳೇ ಕೂತು ಬಡಿದಳು. "ಕೈ ಬದಲಾದ್ರ ರೊಟ್ಟಿ ಬದಲಾಗ್ತಾವ" ಅಂದಳು. ಬೀಗರು ಹೊಗಳಿದರು, ಓಣಿಯ ಹೆಂಗಸರು ಮೂಗು ಮುರಿದರು.

ಒಬ್ಬಳಿಗೆ ಮಾತ್ರ ಆ ಹಂಚನ್ನು ಬಿಟ್ಟುಕೊಟ್ಟಿದ್ದಳು. ನಾಗರತ್ನಾ. ಲಾರಿ ಡ್ರೈವರ್ ಶಂಕರಲಿಂಗನ ಹೆಂಡತಿ. ಮುಸುರೆ ತಿಕ್ಕಲು ಬಂದವಳು ಕ್ರಮೇಣ ಒಲೆಯ ಮುಂದೆ ಕೂತಳು. ಇಬ್ಬರೂ ಬೆಳಿಗ್ಗೆ ಹಿತ್ತಲ ಕಟ್ಟೆಯ ಮೇಲೆ ಕೂತು ಮಿಶ್ರಿ ತಿಕ್ಕುತ್ತಿದ್ದರು. ತಂಬಾಕನ್ನು ಸುಟ್ಟು ಪುಡಿ ಮಾಡಿದರೆ ಅದೇ ಮಿಶ್ರಿ. ಗಡಿಯ ಹಳ್ಳಿಗಳಲ್ಲಿ ಹೆಂಗಸರಿಗೆ ಚಹಾಕ್ಕಿಂತ ಮೊದಲು ಅದು ಬೇಕು. ಹಲ್ಲಿಗೆ ತಿಕ್ಕಿ, ದವಡೆಗೆ ಒತ್ತಿ, ಊರಿನ ಸುದ್ದಿಯನ್ನೆಲ್ಲ ಅಲ್ಲೇ ಉಗಿದು ಮುಗಿಸಿ ಒಲೆ ಹಚ್ಚುತ್ತಿದ್ದರು. ಅಕ್ಕ ತಂಗಿ ಅಂದರೆ ಹೊಸಬರು ನಂಬುತ್ತಿದ್ದರು.

ಕೆಟ್ಟದ್ದು ಒಂದೇ ಮಾತಿಗೆ. ಲಾರಿಯವರು ತುಂಬಿದ್ದ ಹೊತ್ತಿನಲ್ಲಿ ಒಬ್ಬ ಡ್ರೈವರ್, "ಇವು ನಾಗವ್ವನ ಕೈಯಾನ ರೊಟ್ಟಿ ಹೌದಲ್ರಿ? ಹೇಳಂಗೇ ಇಲ್ಲ" ಅಂದುಬಿಟ್ಟ. ಸುಭದ್ರಾಬಾಯಿಗೆ ಎಲ್ಲಿ ಚುಚ್ಚಿತೋ, ಬುಟ್ಟಿಯಿಂದ ಒಂದು ರೊಟ್ಟಿ ಎತ್ತಿ ಎಲ್ಲರ ಮುಂದೆ ತಿರುವಿ ಹಿಡಿದು, "ಇವೇನ್ ರೊಟ್ಟಿ? ಎಮ್ಮಿ ತೊಗಲು" ಅಂದಳು. ನಾಗರತ್ನಾ ಕೈ ತೊಳೆದುಕೊಂಡು ಮನೆಗೆ ಹೋದಳು. ಅದೇ ವಾರ ಶಂಕರಲಿಂಗ ಎದೆನೋವಿನಿಂದ ಸ್ಟೇರಿಂಗಿನ ಮೇಲೇ ಒರಗಿ ಹೋದ.

ಸಾವಿನ ಮನೆಯಲ್ಲಿ ಒಲೆ ಹಚ್ಚುವುದಿಲ್ಲ. ನೆಂಟರು, ನೆರೆಯವರು ತಮ್ಮ ಮನೆಯಿಂದ ಅಡುಗೆ ಮಾಡಿ, ಬುಟ್ಟಿಯಲ್ಲಿಟ್ಟು, ಬಿಳಿ ಬಟ್ಟೆ ಮುಚ್ಚಿ ಒಯ್ಯುತ್ತಾರೆ. ಅದು ಬುತ್ತಿ. ತಂದವರೇ ತುತ್ತು ಮಾಡಿ ಸತ್ತವರ ಮನೆಯವರಿಗೆ ಉಣ್ಣಿಸಬೇಕು, ಮಿಕ್ಕಿದ್ದನ್ನು ವಾಪಸ್ ಒಯ್ಯಬಾರದು. ಮದುವೆಗೆ ಕರೆಯಬೇಕು, ಮಣ್ಣಿಗೆ ಕರೆಯದೆಯೇ ಹೋಗಬೇಕು ಅನ್ನುವುದು ನಮ್ಮ ಕಡೆಯ ಲೆಕ್ಕ. ಇಡೀ ಖಜೂರಿ ನಾಗರತ್ನಾಳ ಮನೆಗೆ ಬುತ್ತಿ ಒಯ್ದಿತು. ರಸ್ತೆ ದಾಟಿದರೆ ಸಿಗುವ ಮನೆಗೆ ಸುಭದ್ರಾಬಾಯಿ ಹೋಗಲಿಲ್ಲ. ಯಾಕೆ ಅಂದರೆ, "ಆಕಿ ಮಾತ ಬಿಟ್ಟಾಳ, ನಾ ಯಾವ ಮಾರಿ ಹೊತ್ತ ಹೋಗ್ಲಿ" ಅನ್ನುತ್ತಿದ್ದಳು. ಮಾತು ಬಿಡಿಸಿದ್ದು ಯಾರು ಅಂತ ಕೇಳುವ ಧೈರ್ಯ ಊರಲ್ಲಿ ಯಾರಿಗೂ ಇರಲಿಲ್ಲ.

ದಿನಗಳು ಕಳೆದ ಮೇಲೆ ನಾಗರತ್ನಾ ಎದುರಿಗೇ ತನ್ನ ಮನೆಯ ಮುಂದೆ ತಗಡಿನ ಶೆಡ್ಡು ಹಾಕಿ ರೊಟ್ಟಿ ಮಾರಲು ಕೂತಳು. ಎರಡು ಒಲೆಗಳ ಹೊಗೆ ರಸ್ತೆಯ ಮೇಲೆ ಕೂಡುತ್ತಿತ್ತು. ಅವರಿಬ್ಬರು ಮಾತ್ರ ಕಣ್ಣೆತ್ತಿ ನೋಡುತ್ತಿರಲಿಲ್ಲ. ಹೀಗೆ ಎಷ್ಟು ಸುಗ್ಗಿ ಹೋದವೋ.

ಹೋದ ವರ್ಷ ನಾಗರತ್ನಾಳಿಗೆ ಬಾಯಿಯಲ್ಲಿ ಹುಣ್ಣಾಯಿತು. ಖಾರ ತಿಂದರೆ ಉರಿ ಅಂದಳು, ಆಮೇಲೆ ರೊಟ್ಟಿ ಅಗಿಯಲಾಗುವುದಿಲ್ಲ ಅಂದಳು. ಕಡೆಗೆ ದಿನವಿಡೀ ಮಂದಿಗೆ ರೊಟ್ಟಿ ಬಡಿದು ತಾನು ಅಂಬಲಿ ಕುಡಿದು ಮಲಗುತ್ತಿದ್ದಳು. ಅಂಗನವಾಡಿಯಲ್ಲಿ ಸಹಾಯಕಿಯಾಗಿದ್ದ ಮಗಳು ವಿಜಯಶ್ರೀ ಹಟ ಹಿಡಿದು ಸೋಲಾಪುರದ ಆಸ್ಪತ್ರೆಗೆ ಕರೆದೊಯ್ದಳು. ಕ್ಯಾನ್ಸರ್. ದವಡೆಯ ಒಂದು ಭಾಗ ತೆಗೆಯಬೇಕು, ಬೇಗ ತೆಗೆದರೆ ಜೀವ ಉಳಿಯುತ್ತದೆ ಅಂದರು. ಸರಕಾರದ ಕಾರ್ಡಿನಲ್ಲಿ ಒಂದಷ್ಟು ಹೋಗುತ್ತದೆ, ಉಳಿದದ್ದು ಕೈಯಿಂದ ಹಾಕಬೇಕು. ಆ ಉಳಿದದ್ದೇ ತಾಯಿ ಮಗಳು ಎಂದೂ ಕಾಣದಷ್ಟು ದೊಡ್ಡದಾಗಿತ್ತು.

ಖಾನಾವಳಿಯ ಪಕ್ಕದಲ್ಲಿ ಪಂಕ್ಚರ್ ಅಂಗಡಿ ಇಟ್ಟಿರುವ ಆಫ್ತಾಬ ಫೋನಿನಲ್ಲಿ ವಿಷಯ ಕೇಳಿ, "ನಾ ಜಮಾ ಮಾಡ್ತೇನಿ, ನೀ ಫಿಕರ್ ಮಾಡಬ್ಯಾಡ" ಅಂದ. ವಿಜಯಶ್ರೀ ಅದನ್ನು ತಾಯಿಗೆ ಹೇಳಿದಾಗ ನಾಗರತ್ನಾ ಚೀಲ ಕಟ್ಟಲು ಶುರು ಮಾಡಿದಳು. "ಮಂದಿ ಮುಂದ ಸೆರಗ ಒಡ್ಡಿ ಬದಕೂದಕ್ಕಿಂತ ನನ್ನ ಮನ್ಯಾಗ ಹೋಗಿ ಮಲಗ್ತೇನಿ. ನಡಿ." ಅಷ್ಟೇ. ಮಗಳು ಅತ್ತಳು, ಡಾಕ್ಟರ್ ಗದರಿದರು, ಆಕೆ ಜಗ್ಗಲಿಲ್ಲ. ಮರುದಿನ ಮುಂಜಾನೆಯೇ ಹೊರಟರು.

ಆಫ್ತಾಬನಿಗೆ ಇದು ಗೊತ್ತಿರಲಿಲ್ಲ. ಅವನು ಆಗಲೇ ಆಳಂದದಲ್ಲಿ ಫ್ಲೆಕ್ಸ್ ಮಾಡಿಸಿದ್ದ. ಹುಡುಗ ಒಳ್ಳೆಯವನು, ಆದರೆ ಅವಸರದವನು. ಫೋಟೋ ಮತ್ತು ಮಾತುಗಳನ್ನು ಫೋನಿನಲ್ಲಿ ಕಳಿಸಿ, "ಛಂದ ಮಾಡಿ ಕೊಡ್ರಿ" ಅಂದಿದ್ದ. ನಮ್ಮ ಕಡೆ ಫ್ಲೆಕ್ಸು ಎರಡೇ ಕಾರಣಕ್ಕೆ ಏಳುತ್ತದೆ: ಒಂದು ಹುಟ್ಟುಹಬ್ಬಕ್ಕೆ, ಇನ್ನೊಂದು ಶ್ರದ್ಧಾಂಜಲಿಗೆ. ಫ್ಲೆಕ್ಸ್ ಅಂಗಡಿಯವನ ಹತ್ತಿರ ಇದ್ದವೂ ಆ ಎರಡೇ ನಮೂನೆ. ಸಂಕಟದಲ್ಲಿರುವ ಹೆಂಗಸಿಗೆ ಕೇಕು, ಬಲೂನು ಹಾಕುವುದು ಸರಿಯಲ್ಲ ಅಂತ ಅವನ ಮನಸ್ಸಿಗೆ ಬಂತು, ಅದೂ ನ್ಯಾಯವೇ. ಹಾಗಾಗಿ ನಾಗರತ್ನಾಳ ಕಪ್ಪುಬಿಳುಪು ಮುಖದ ಸುತ್ತ ಹೂವು, ಎರಡು ಬದಿಗೆ ಉರಿಯುವ ದೀಪ, ಕೆಳಗೆ ಕೈ ಮುಗಿದು ನಿಂತ ಆಫ್ತಾಬ ಮತ್ತು ಅವನ ಗೆಳೆಯರ ಸಾಲು. ನಡುವೆ 'ಕ್ಯಾನ್ಸರ್‌ನಿಂದ ಬಳಲುತ್ತಿರುವ ನಮ್ಮ ತಾಯಿಗೆ ನೆರವಾಗಿ' ಅಂತ ಸಣ್ಣ ಅಕ್ಷರದಲ್ಲಿ ಸರಿಯಾಗಿಯೇ ಬರೆದಿತ್ತು. ಫ್ಲೆಕ್ಸನ್ನು ಯಾರು ಓದುತ್ತಾರೆ? ನೋಡುತ್ತಾರೆ. ಆಫ್ತಾಬ ನಸುಕಿನಲ್ಲಿ ಅದನ್ನು ತಿರುವಿನ ಕಂಬಕ್ಕೆ ಕಟ್ಟಿ, ಟೈರು ತರಲು ಉಮರ್ಗಾಕ್ಕೆ ಹೋದ.

ಬೆಳಕು ಹರಿಯುವಷ್ಟರಲ್ಲಿ ನಾಗರತ್ನಾ ಸೋಲಾಪುರದಲ್ಲಿ ಹೋದಳು, ಇನ್ನೇನು ಹೆಣ ಬರುತ್ತದೆ ಅಂತ ಖಜೂರಿ ತೀರ್ಮಾನ ಮಾಡಿತು. ಯಾರೋ ಫೋಟೋ ತೆಗೆದು ಫೋನಿನಲ್ಲಿ ಹಾಕಿದರು. ಅದು ಆಕೆಯ ತವರು ಮಾದನಹಿಪ್ಪರಗಾಕ್ಕೂ ಮುಟ್ಟಿತು. ನನ್ನ ಬಸ್ಸಿಗೆ ಆಳಂದದಲ್ಲಿ ಆಕೆಯ ತಮ್ಮ ಖಂಡಪ್ಪ ಮತ್ತು ಓಣಿಯ ಹೆಂಗಸರು ಹತ್ತಿದರು. ಎಲ್ಲರ ತೊಡೆಯ ಮೇಲೂ ಬಿಳಿ ಬಟ್ಟೆ ಮುಚ್ಚಿದ ಬುಟ್ಟಿ. ಬುತ್ತಿ ಹಿಡಿದವರನ್ನು ಮಾತಾಡಿಸಬಾರದು, ಆದರೂ ಯಾರು ಅಂತ ಕೇಳಿದೆ. ನಾಗಕ್ಕ, ಮಗಳ ಫೋನೂ ಹತ್ತುತ್ತಿಲ್ಲ ಅಂದರು. ನನಗೆ ಕೆಡುಕೆನಿಸಿತು. ಹೆಂಗಸರ ಉಚಿತ ಟಿಕೆಟ್ಟುಗಳನ್ನು ಸುಮ್ಮನೆ ಹರಿದು ಕೊಟ್ಟೆ.

ಇತ್ತ ತಾಯಿ ಮಗಳು ಮಹಾರಾಷ್ಟ್ರದ ಕಡೆಯ ಜೀಪಿನಲ್ಲಿ ಬಂದು, ಹಿಂದಿನ ಓಣಿಯಲ್ಲಿ ಇಳಿದು, ಹಿತ್ತಲಿನಿಂದ ಮನೆ ಹೊಕ್ಕು ಬಾಗಿಲು ಹಾಕಿಕೊಂಡಿದ್ದರು. ಯಾರೂ ನೋಡಲಿಲ್ಲ.

ಬಸ್ಸು ನಿಂತಾಗ ಸುಭದ್ರಾಬಾಯಿ ಖಾನಾವಳಿಯ ಮುಂದೆ ನಿಂತಿದ್ದಳು. ಒಲೆ ಆರಿತ್ತು, ಗಿರಾಕಿಗಳಿಲ್ಲ. ಆಕೆಯ ತಲೆಯ ಮೇಲೂ ಒಂದು ಬುಟ್ಟಿ. ಇಳಿದವರ ಮುಖ ನೋಡಿದ್ದೇ ತಡ, ಯಾರನ್ನೂ ಕಾಯದೆ ಎಲ್ಲರಿಗಿಂತ ಮುಂದೆ ರಸ್ತೆ ದಾಟಿದಳು. ನಾನೂ ಡ್ರೈವರನೂ ಹಿಂದೆ ಹೋದೆವು. ನಮ್ಮ ಹೆಂಗಸರು ಸಾವಿಗೆ ಸುಮ್ಮನೆ ಅಳುವುದಿಲ್ಲ, ಹಾಡ್ಯಾಡಿ ಅಳುತ್ತಾರೆ. ಸತ್ತವರ ಗುಣವನ್ನೆಲ್ಲ ರಾಗವಾಗಿ ಹೇಳಬೇಕು. ಸುಭದ್ರಾಬಾಯಿ ಶೆಡ್ಡಿನ ಹತ್ತಿರವೇ ಶುರು ಮಾಡಿದಳು.

"ಯವ್ವಾ ನಾಗೂ, ನನ್ನ ಬಿಟ್ಟ ಹ್ಯಾಂಗ ಹೋದಿ ನನ ತಂಗೀ... ನಿನ್ನ ಕೈಯಾನ ರೊಟ್ಟಿ ಮಲ್ಲಿಗಿ ಹೂವಿನಂಗ ಇರತಿದ್ದುವಲ್ಲೇ ನನ್ನವ್ವಾ... ನನ್ನಕಿಂತ ಛಲೋ ಬಡೀತಿದ್ದೆಲ್ಲೇ... ಹೊಟ್ಟಿಕಿಚ್ಚಿಲೆ ಎಮ್ಮಿ ತೊಗಲು ಅಂದೆನಲ್ಲೇ, ನನ್ನ ನಾಲಿಗಿಗಿ ಹುಳಾ ಬೀಳ್ಲಿ..."

ಬಾಗಿಲು ತೆರೆಯಿತು. ಕೆನ್ನೆಗೆ ಟವೆಲ್ಲು ಒತ್ತಿಕೊಂಡು ನಾಗರತ್ನಾ ನಿಂತಿದ್ದಳು. ಅಂಗಳದ ತುಂಬ ಬುತ್ತಿ ಹೊತ್ತ ಜನ ಕಂಡು ಆಕೆಗೆ ಗಾಬರಿ.

"ಯಾರ ಹೋಗ್ಯಾರ?" ಅಂದಳು.

ಖಂಡಪ್ಪ ಕೂತುಬಿಟ್ಟ. ಆಮೇಲೆ ಫೋನು ತೆಗೆದು ಅಕ್ಕನ ಕೈಗೆ ಕೊಟ್ಟ. ದೀಪಗಳ ನಡುವಿನ ತನ್ನ ಮುಖವನ್ನು ನಾಗರತ್ನಾ ಬಹಳ ಹೊತ್ತು ನೋಡಿದಳು. ಸಿಟ್ಟು ಬಂದಿತ್ತು, ಬರಬೇಕಾದದ್ದೇ. "ಭಿಕ್ಷಾ ಬ್ಯಾಡ ಅಂತ ಹೊಳ್ಳಿ ಬಂದ್ರ, ಜೀವಂತ ಇರೂತ್ಲೇ ದೀಪ ಹಚ್ಚೀರಿ" ಅಂದಳು. ಮಾತು ಆಗಲೇ ಸ್ವಲ್ಪ ತೊದಲುತ್ತಿತ್ತು. ಆಮೇಲೆ ಕಣ್ಣು ತಿರುಗಿ ಸುಭದ್ರಾಬಾಯಿಯ ಮೇಲೆ ನಿಂತಿತು.

"ಅಕ್ಕಾ, ಏನೋ ಹಾಡಾಕತ್ತಿದ್ದೆಲ್ಲಾ, ರೊಟ್ಟೀದು. ಇನ್ನೊಮ್ಮಿ ಅನ್ನು."

"ಸತ್ತೀ ಅಂತ ಅಂದೆ. ಬದುಕಿದ್ರ ಅಂತಿದ್ನೇನು?" ಅಂದಳು ಸುಭದ್ರಾಬಾಯಿ, ಕಣ್ಣು ಮೂಗು ಒರೆಸಿಕೊಳ್ಳುತ್ತಲೇ.

ಮೊದಲು ನಕ್ಕವಳು ವಿಜಯಶ್ರೀ. ಆಮೇಲೆ ಯಾರಿಂದಲೂ ತಡೆದುಕೊಳ್ಳಲಾಗಲಿಲ್ಲ. ಸಾವಿನ ಮನೆಗೆ ಬಂದವರು ಅಷ್ಟು ನಕ್ಕದ್ದನ್ನು ನಾನು ಬೇರೆ ಕಡೆ ಕಂಡಿಲ್ಲ.

ನಗು ಇಳಿದ ಮೇಲೆ ತೊಡಕು ಎದ್ದಿತು. ಬುತ್ತಿ ಬಂದಿದೆ, ವಾಪಸ್ ಒಯ್ಯುವ ಹಾಗಿಲ್ಲ. ಸತ್ತವರಿಲ್ಲ. ಹಿರಿಯ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ಸುಭದ್ರಾಬಾಯಿ ಬುಟ್ಟಿಯನ್ನು ಸೊಂಟಕ್ಕಿಟ್ಟುಕೊಂಡು ಹೊಸ್ತಿಲಿನ ಆಚೆಯೇ ನಿಂತಿದ್ದಳು. ಒಳಗೆ ಬರಲು ಆಗದು, ತಿರುಗಿ ಹೋಗಲೂ ಆಗದು. ನಾಗರತ್ನಾ ಅದನ್ನು ನೋಡಿದಳು.

"ನಿನ್ನ ಬುಟ್ಟಿ ನಂದಲ್ಲ" ಅಂದಳು. "ಅವರದು. ಆವಾಗ ಬರಬೇಕಿತ್ತು, ಬಾಳ ತಡಾ ಆತು. ಒಳಗ ತಾ."

ಸುಭದ್ರಾಬಾಯಿ ಹೊಸ್ತಿಲು ದಾಟಿದಳು. ಶಂಕರಲಿಂಗನ ಫೋಟೋದ ಕೆಳಗೆ ಕೂತು ಬುಟ್ಟಿ ಬಿಚ್ಚಿದಳು. ಬಿಸಿರೊಟ್ಟಿ, ಪುಂಡಿಪಲ್ಯ, ಹೆಸರುಬೇಳೆ. ರೊಟ್ಟಿಯನ್ನು ಚೂರು ಮಾಡಿ ಬೇಳೆಯಲ್ಲಿ ನೆನೆಸಿ, ಬೆರಳಿನಿಂದ ನಾದಿ ನಾದಿ ಗಂಜಿಯ ಹಾಗೆ ಮಾಡಿದಳು. ನಾಗರತ್ನಾಳ ಬಾಯಿ ಎರಡು ಬೆರಳಿನಷ್ಟೂ ತೆರೆಯಲಿಲ್ಲ. ತುತ್ತು ಇಡುವಾಗ ಕೆನ್ನೆಯ ಒಳಗಿನ ಹುಣ್ಣು ಸುಭದ್ರಾಬಾಯಿಗೆ ಕಂಡಿರಬೇಕು. ತುತ್ತಿನ ಮೇಲೆ ತುತ್ತು ಇಟ್ಟಳು. ಉಣ್ಣಿಸುತ್ತಿದ್ದವಳ ನಾಲಿಗೆ ತನ್ನದೇ ಕೆನ್ನೆಯ ಒಳಗೆ ಏನನ್ನೋ ತಡಕಾಡುತ್ತಿದ್ದುದನ್ನು ನಾನು ಗಮನಿಸಿದೆ. ಅವತ್ತು ಅದರ ಅರ್ಥ ಹೊಳೆಯಲಿಲ್ಲ.

ಉಣ್ಣಿಸಿ ಕೈ ತೊಳೆದ ಮೇಲೆ ಹಳೆಯ ಬಾಯಿ ವಾಪಸ್ ಬಂತು.

"ಉಳಿದ ಬುಟ್ಟಿ ನಿನ್ನವು. ಒಂದ ಸಾವಿಗಿ ಒಂದ ಸಲನ ಬುತ್ತಿ. ನಾಳಿ ಖರೇನ ಸತ್ರ ಯಾರೂ ತರಂಗಿಲ್ಲ, ನೆಪ್ಪಿಟ್ಟುಕೋ. ಸುಮ್ನ ಹೋಗಿ ಆಪರೇಷನ್ ಮಾಡಿಸ್ಕೋಬೇ."

"ಮಂದಿ ರೊಕ್ಕದಾಗ ನಾ ಬದಕಂಗಿಲ್ಲಕ್ಕಾ."

"ಮಂದಿ ರೊಕ್ಕ ಯಾರಿಗಿ ಬೇಕಾಗ್ಯಾದ? ನಿನ್ನ ಹೆಸರಿಲೆ ಇಷ್ಟ ರೊಟ್ಟಿ ಬಂದಾವ. ನಿನ್ನ ರೊಟ್ಟಿ ನೀ ಮಾರಕೋ. ಅದಕ್ಕೂ ನಾಚಿಕಿ ಅದೇನು?"

ರೊಟ್ಟಿ ಮಾರುವುದು ಭಿಕ್ಷೆಯಲ್ಲ. ನಾಗರತ್ನಾ ಅಷ್ಟು ವರ್ಷ ಅದನ್ನೇ ಮಾಡಿದವಳು. ಸುಭದ್ರಾಬಾಯಿ ಉತ್ತರಕ್ಕೆ ಕಾಯಲಿಲ್ಲ. "ಏಳ್ರೇ, ಬುಟ್ಟಿ ಎತ್ರಿ" ಅಂದಳು. ಮಾದನಹಿಪ್ಪರಗಾದ ಹೆಂಗಸರು ಬಂದ ದಾರಿಯಲ್ಲೇ ರಸ್ತೆ ದಾಟಿದರು. ಯಾರ ಕೈಯನ್ನೂ ಸೇರಿಸದ ಖಾನಾವಳಿಯಲ್ಲಿ ಅವತ್ತು ಹತ್ತಾರು ಕೈಗಳ ರೊಟ್ಟಿ ಒಂದೇ ರಾಶಿಯಾಗಿ ಬಿತ್ತು. ಲಾರಿಯವನೊಬ್ಬ, "ಏನವ್ವಾ, ಇದು ಸತ್ತೋರ ಮನಿ ಊಟ ಅಂತಲ್ಲ?" ಅಂತ ಹಿಂಜರಿದ. "ಬದುಕಿದೋರ ಬುತ್ತಿಪಾ. ನಿನಗೂ ಆಯುಷ್ಯ ಹೆಚ್ಚಾಗ್ತದ, ಉಣ್ಣು" ಅಂದಳು. ಉಂಡ. ಕೇಳಿದ್ದಕ್ಕಿಂತ ಹೆಚ್ಚು ಇಟ್ಟು ಹೋದ. ಸಂಜೆಗೆ ಆಫ್ತಾಬ ಟೈರಿನ ಜೊತೆ ಬಂದಿಳಿದು, ತನ್ನ ಫ್ಲೆಕ್ಸು ಮಾಡಿದ ಕೆಲಸ ಕೇಳಿ ಅಂಗಡಿಯ ಒಳಗೆ ಹೋಗಿ ಕೂತ. ಎರಡು ದಿನ ಹೊರಗೆ ಮುಖ ತೋರಿಸಲಿಲ್ಲ.

ಬದುಕಿದವರ ಬುತ್ತಿ ಅನ್ನುವ ಹೆಸರು ಅಂಟಿಕೊಂಡಿತು. ಸಂತೆಯ ದಿನ ಬಂದರೆ ಮಾದನಹಿಪ್ಪರಗಾದಿಂದ, ನಿಂಬರ್ಗಾದಿಂದ ಕಡಕ್ ರೊಟ್ಟಿಯ ಗಂಟುಗಳು ನನ್ನ ಬಸ್ಸು ಹತ್ತುತ್ತಿದ್ದವು. ಲಗೇಜಿನ ಚಾರ್ಜು ಹಾಕಬೇಕಿತ್ತು, ಹಾಕಲಿಲ್ಲ. ಡಿಪೋದವರು ಇದನ್ನು ಓದಿದರೆ ಓದಲಿ. ಸುಭದ್ರಾಬಾಯಿ ಒಂದೊಂದು ಗಂಟನ್ನೂ ಬಿಚ್ಚಿ, ಒಂದೊಂದು ರೊಟ್ಟಿ ಮುರಿದು, ಮಾಡಿದವರನ್ನು ಬೈದು, ರಾಶಿಗೆ ಹಾಕುತ್ತಿದ್ದಳು. ಎಲ್ಲ ಸುಸೂತ್ರವಾಗಿತ್ತು ಅಂತ ಹೇಳುವುದಿಲ್ಲ. ಒಬ್ಬಳು ಮುರುಕು ರೊಟ್ಟಿಯನ್ನೇ ಕಳಿಸಿದಳು, ಇನ್ನೊಬ್ಬಳು ತನ್ನ ಹೆಸರು ಯಾಕೆ ಹೇಳಲಿಲ್ಲ ಅಂತ ಜಗಳಕ್ಕೆ ಬಂದಳು. ಆಫ್ತಾಬನ ತಾಯಿ ನಜಮುನ್ನಿಸಾ ಗಂಟು ತಂದ ದಿನ ಯಾರೋ, "ಅವನ್ನ ಬ್ಯಾರೆ ಇಡ್ರಿ" ಅಂತ ಪಿಸುಗುಟ್ಟಿದರು. ಸುಭದ್ರಾಬಾಯಿ ಒಂದು ಮುರಿದು ಬಾಯಿಗೆ ಹಾಕಿಕೊಂಡಳು. "ನೀರ ಸರಿ ಕುದ್ದಿಲ್ಲ ನಜಮಾ, ಅಂಚ ಒಡದಾವ" ಅಂದು ಅದೇ ರಾಶಿಗೆ ಸುರಿದಳು. ನಜಮುನ್ನಿಸಾ ಮುಂದಿನ ಸಂತೆಗೆ ನೀರು ಚೆನ್ನಾಗಿ ಕುದಿಸಿ ಬಡಿದು ತಂದು, ಅಂಚು ತೋರಿಸಿ ಹೋದಳು. ಮೊದಲು ಒಬ್ಬರ ಹೊಸ್ತಿಲು ಒಬ್ಬರು ತುಳಿಯದ ಹೆಂಗಸರು ಆ ಬೆಂಚಿನ ಮೇಲೆ ಕೂತು ರೊಟ್ಟಿ ಕಟ್ಟುತ್ತ ಬಸ್ಸು ತಪ್ಪಿಸಿಕೊಳ್ಳುತ್ತಿದ್ದರು, ನಾನು ಹಾರ್ನ್ ಹೊಡೆಸಿ ಹೊಡೆಸಿ ಸಾಕಾಗುತ್ತಿದ್ದೆ.

ಬರೀ ರೊಟ್ಟಿಯಿಂದ ಆಪರೇಷನ್ ಆಯಿತು ಅಂದರೆ ಸುಳ್ಳಾಗುತ್ತದೆ. ಆಳಂದದ ಕಾಳು ಖರೀದಿಯ ಅಡತಿಯವರು ಕೊಟ್ಟರು, ಲಾರಿ ಮಾಲಕರು ಕೊಟ್ಟರು. ಆದರೆ ಯಾರು ಎಷ್ಟೇ ಕೊಡಲಿ, ಕೈಯಲ್ಲಿ ಒಂದು ರೊಟ್ಟಿ ಗಂಟು ಹಿಡಿಸದೆ ಸುಭದ್ರಾಬಾಯಿ ಕಳಿಸುತ್ತಿರಲಿಲ್ಲ. ಅದು ನಾಗರತ್ನಾಳ ಮರ್ಯಾದೆಗೆ ಅಂತ ಎಲ್ಲರಿಗೂ ಗೊತ್ತಿತ್ತು, ಯಾರೂ ಬಾಯಿಬಿಟ್ಟು ಹೇಳಲಿಲ್ಲ.

ನಾಗರತ್ನಾ ಬದುಕಿ ಬಂದಳು. ಒಂದು ಕಡೆಯ ಕೆನ್ನೆ ಒಳಗೆ ಹೋಗಿದೆ, ಮಾತು ಯಾರಿಗೂ ತಿಳಿಯುವುದಿಲ್ಲ, ರೊಟ್ಟಿ ಅಗಿಯುವುದು ಇನ್ನಿಲ್ಲ. ಕೈ ಮಾತ್ರ ಮೊದಲಿನದೇ. ಶೆಡ್ಡು ಮುಚ್ಚಿ ಹಳೆಯ ಒಲೆಯ ಮುಂದೆ ಬಂದು ಕೂತಿದ್ದಾಳೆ. ಆಕೆ ಏನಂದಳು ಅಂತ ಗಿರಾಕಿಗಳು ಸುಭದ್ರಾಬಾಯಿಯನ್ನು ಕೇಳಬೇಕು. ಮಗಳಿಗೂ ತಿಳಿಯದ್ದು ಆಕೆಗೆ ತಿಳಿಯುತ್ತದೆ.

ಇಲ್ಲಿಗೆ ಮುಗಿಯುತ್ತಿತ್ತು. ಆದರೆ ಈ ಸಲದ ಸುಗ್ಗಿಯ ಹೊತ್ತಿಗೆ ಸುಭದ್ರಾಬಾಯಿ ಪಲ್ಯಕ್ಕೆ ಖಾರ ಕಡಿಮೆ ಮಾಡಿದಳು. ನಾವು ಗಿರಾಕಿಗಳು ಗೊಣಗಿದೆವು, ಅಷ್ಟೇ. ನಾಗರತ್ನಾ ಗೊಣಗಲಿಲ್ಲ, ಆಕೆಯ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿದಳು. ಕೆನ್ನೆಯ ಒಳಗೆ ಬಿಳಿ ಮಚ್ಚೆ. ನಾಗರತ್ನಾಳ ಹುಣ್ಣು ನೋಡಿದ ದಿನದಿಂದಲೇ ಆಕೆಗೆ ಅದು ಗೊತ್ತಿತ್ತು, ಮಿಶ್ರಿಯನ್ನೂ ಬಿಟ್ಟಿರಲಿಲ್ಲ. ಡಾಕ್ಟರ್ ಅಂದರೆ, "ನನಗೇನಾಗ್ಯಾದ? ಹೋಗೇ" ಅಂದಳು. ಮಕ್ಕಳು ಅಫಜಲಪುರದಿಂದ, ಜೇವರ್ಗಿಯಿಂದ ಬಂದು ಕೈ ಮುಗಿದರೂ ಅದೇ ಮಾತು. ನಾಗರತ್ನಾಳಿಗೆ ಆಸ್ಪತ್ರೆಯ ದಾರಿ ತೋರಿಸಿದವಳು ತಾನು ಬಾಯಿ ತೆರೆಯಲು ಹೆದರುತ್ತಿದ್ದಳು. ಹೆದರಿಕೆಯೇ, ಬೇರೇನಲ್ಲ.

ಹೋದ ವಾರ ನಮ್ಮ ಬಸ್ಸು ಹೊರಡುವ ಹೊತ್ತಿಗೆ ನಾಗರತ್ನಾ ತನ್ನ ಮನೆಯಿಂದ ಹೊರಬಿದ್ದಳು. ತಲೆಯ ಮೇಲೆ ಬಿಳಿ ಬಟ್ಟೆ ಮುಚ್ಚಿದ ಬುಟ್ಟಿ. ರಸ್ತೆ ದಾಟಿ ಖಾನಾವಳಿಯ ಮುಂದೆ ನಿಂತು, ಸೊಟ್ಟ ಬಾಯಿಯಲ್ಲಿ, ಇಡೀ ತಿರುವಿಗೆ ಕೇಳುವ ಹಾಗೆ, ಹಾಡ್ಯಾಡಿ ಅಳಲು ಶುರು ಮಾಡಿದಳು. ಒಂದು ಅಕ್ಷರವೂ ನಮಗೆ ತಿಳಿಯಲಿಲ್ಲ. ಲಾರಿಯವರು ಉಣ್ಣುವುದು ಬಿಟ್ಟು ನೋಡಿದರು. ಸುಭದ್ರಾಬಾಯಿ ಹಿಟ್ಟಿನ ಕೈಯಲ್ಲೇ ಹೊರಗೆ ಬಂದು, "ಬಾಯ್ ಮುಚ್ಚಬೇ, ನಾ ಇನ್ನಾ ಇದ್ದೇನಿ" ಅಂತ ಚೀರಿದಳು. ನಾಗರತ್ನಾ ನಿಲ್ಲಿಸಲಿಲ್ಲ. ಒಂದು ಮಾತು ಬಂದಾಗ ಸುಭದ್ರಾಬಾಯಿಯ ಕೈ ಅಲ್ಲೇ ನಿಂತಿತು. ಕೇಳಿದಳು. ಆಮೇಲೆ ಸೆರಗಿಗೆ ಕೈ ಒರೆಸಿಕೊಂಡು, ಆಕೆಯ ತಲೆಯ ಮೇಲಿನ ಬುಟ್ಟಿ ಇಳಿಸಿಕೊಂಡು, ನೆಟ್ಟಗೆ ನನ್ನ ಬಸ್ಸು ಹತ್ತಿದಳು. ಹಿಂದೆಯೇ ನಾಗರತ್ನಾ.

"ಎರಡ ಟಿಕೆಟ್ ಕೊಡು ತಮ್ಮಾ. ಆಳಂದ. ದವಾಖಾನಿ ಹತ್ರ ಇಳಸು."

ಕೊಟ್ಟೆ. ತಡೆಯಲಾಗದೆ, "ಏನಂತ ಹಾಡಿ ಅತ್ತಳ್ರೀ?" ಅಂತ ಕೇಳಿದೆ.

ಸುಭದ್ರಾಬಾಯಿ ಬುಟ್ಟಿಯನ್ನು ತೊಡೆಯ ಮೇಲೆ ಭದ್ರ ಮಾಡಿಕೊಂಡಳು. ಆಕೆಯ ಕಣ್ಣು ತುಂಬಿತ್ತು, ಅದನ್ನು ಮುಚ್ಚಿಡುವ ಗೋಜಿಗೂ ಹೋಗಲಿಲ್ಲ.

"ನನ್ನ ಪುಂಡಿಪಲ್ಯಾ ಛಲೋ ಇರ್ತದಂತ" ಅಂದಳು. "ಸುಳ್ಳ ಹೇಳ್ತಾಳ. ಆಕಿಗಿ ರುಚೀನ ಗೊತ್ತಾಗಂಗಿಲ್ಲ ಈಗ."

ನಾಗರತ್ನಾ ಕಿಟಕಿಯ ಕಡೆ ತಿರುಗಿ, ಇದ್ದಷ್ಟು ಬಾಯಿಯಲ್ಲಿ ನಗುತ್ತಿದ್ದಳು.